ಇಂಟರ್ನ್‌ಶಿಪ್ ಸಿಗದೆ ರಜೆ ಬಂದಿದ್ದರೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ವಿದ್ಯಾರ್ಥಿಗಳಿಗೆ ಆರು ವಾರಗಳ ಸಮಗ್ರ ಮಾರ್ಗದರ್ಶಿ

ರಜೆಯ ಮೊದಲ ವಾರ ನನ್ನ ಮೇಜಿನ ಮುಂದೆ ಬಂದು ನಿಲ್ಲುವ ವಿದ್ಯಾರ್ಥಿಗಳ ಕಥೆ ಹೆಚ್ಚುಕಡಿಮೆ ಒಂದೇ. ಮೊಬೈಲಿನಲ್ಲಿ ನಲವತ್ತೈವತ್ತು ಕಡೆ ಅರ್ಜಿ ಹಾಕಿರುತ್ತಾರೆ, ಒಂದಕ್ಕೂ ಉತ್ತರ ಬಂದಿರುವುದಿಲ್ಲ. ಗಾಬರಿಯಲ್ಲಿ ಯಾವುದೋ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿರುತ್ತಾರೆ. ಆಮೇಲೆ ಕಾಲೇಜಿಗೆ ಬಂದು, "ಇದನ್ನು ಇಂಟರ್ನ್‌ಶಿಪ್ ಎಂದು ಒಪ್ಪುತ್ತೀರಾ ಸರ್?" ಎಂದು ಕೇಳುತ್ತಾರೆ. ಮೊದಲು ಕೇಳಬೇಕಾದದ್ದನ್ನು ಕೊನೆಗೆ ಕೇಳುತ್ತಾರೆ.

ಇನ್ನೊಂದು ತಪ್ಪು ಮಾತಿನಲ್ಲಿದೆ. ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶಗಳಾದ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಒಂದು ಸಣ್ಣ ಕಾರ್ಖಾನೆಯ ಬಾಗಿಲಲ್ಲಿ ನಿಂತು "ಇಂಟರ್ನ್‌ಶಿಪ್ ಇದೆಯೇ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ. ಹತ್ತು ಹದಿನೈದು ಜನ ದುಡಿಯುವ ಜಾಗದಲ್ಲಿ ಆ ಹೆಸರಿನ ಹುದ್ದೆ ಇರುವುದಿಲ್ಲ. ಆದರೆ ಪುರಸೊತ್ತಿಲ್ಲದೆ ಬಾಕಿ ಬಿದ್ದಿರುವ ಕೆಲಸ ಪ್ರತಿ ಕಾರ್ಖಾನೆಯಲ್ಲೂ, ಪ್ರತಿ ಅಂಗಡಿಯಲ್ಲೂ ಇರುತ್ತದೆ. ನೀವು ಹುಡುಕಬೇಕಾದದ್ದು ಆ ಬಾಕಿ ಕೆಲಸವನ್ನು. ಅದನ್ನು ಹುಡುಕಿ, ಮುಗಿಸಿ, ಕಾಗದದ ಮೇಲೆ ದಾಖಲೆ ಮಾಡಿಕೊಳ್ಳುವ ಕ್ರಮ ಇಲ್ಲಿದೆ. ದಯವಿಟ್ಟು ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಮೊದಲೇ ಕೈಗೆ ತೆಗೆದುಕೊಳ್ಳಬೇಕಾದ ವಸ್ತುಗಳು

ಇನ್ನೂರು ಪುಟದ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್. ಕಾಲೇಜಿನ ಗುರುತಿನ ಚೀಟಿ. ಅಂಕಪಟ್ಟಿಗಳ ನಕಲು ಪ್ರತಿಗಳು. ಮೂಲ ಪ್ರತಿಗಳು ಮನೆಯಲ್ಲೇ ಇರಲಿ. ನಿಮ್ಮ ನಿಜವಾದ ಹೆಸರಿನಲ್ಲಿರುವ ಒಂದು ಇಮೇಲ್ ವಿಳಾಸ. ಹತ್ತನೇ ತರಗತಿಯಲ್ಲಿ ಗೆಳೆಯರೊಂದಿಗೆ ಸೇರಿ ಇಟ್ಟುಕೊಂಡ ಅಡ್ಡಹೆಸರಿನದ್ದು ಬೇಡ. ಕಾಗದವನ್ನು ಪಿಡಿಎಫ್ ಮಾಡುವ ಆ್ಯಪ್ ಇರುವ ಮೊಬೈಲ್. ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಳಗಿನ ಅರ್ಧಕ್ಕಿಂತ ಹೆಚ್ಚು ದಾರಿಗಳು ತೆರೆದೇ ಇವೆ.

ಹಂತ 1: ಕಾಲೇಜು ಏನನ್ನು ಒಪ್ಪುತ್ತದೆ ಎಂದು ಮೊದಲು ತಿಳಿಯಿರಿ

ಇದು ಮೊದಲ ಎರಡು ದಿನಗಳ ಕೆಲಸ. ವಿಭಾಗದ ಮುಖ್ಯಸ್ಥರನ್ನೋ ಇಂಟರ್ನ್‌ಶಿಪ್ ನೋಡಿಕೊಳ್ಳುವ ಅಧ್ಯಾಪಕರನ್ನೋ ಕಂಡು ಐದು ಪ್ರಶ್ನೆ ಕೇಳಿ, ಉತ್ತರಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಈ ರಜೆಯಲ್ಲಿ ಇಂಟರ್ನ್‌ಶಿಪ್ ಕಡ್ಡಾಯವೇ, ಅಥವಾ ಮುಂದಿನ ಸೆಮಿಸ್ಟರ್‌ಗೆ ಮುಂದೂಡಬಹುದೇ? ಎಷ್ಟು ವಾರ ಅಥವಾ ಎಷ್ಟು ಗಂಟೆ ಬೇಕು? ಕಾಲೇಜಿನೊಳಗೇ ಅಧ್ಯಾಪಕರ ಕೈಕೆಳಗೆ ಮಾಡಿದ ಪ್ರಾಜೆಕ್ಟ್ ನಡೆಯುತ್ತದೆಯೇ? ಮನೆಯಿಂದ ಮಾಡಿದ್ದು ನಡೆಯುತ್ತದೆಯೇ? ಪ್ರಮಾಣಪತ್ರದಲ್ಲಿ ಏನೇನು ಇರಬೇಕು?

ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಪೆಟ್ಟು ಬೀಳುವುದು ಅಲ್ಲಿಯೇ. ನಾನು ಬಲ್ಲ ಒಬ್ಬ ವಿದ್ಯಾರ್ಥಿನಿ ಒಂದು ಪ್ರಯೋಗಾಲಯದಲ್ಲಿ ಆರು ವಾರ ಶ್ರದ್ಧೆಯಿಂದ ದುಡಿದಳು. ಪತ್ರದಲ್ಲಿ "ಉತ್ತಮವಾಗಿ ಕೆಲಸ ಮಾಡಿದ್ದಾಳೆ" ಎಂದಿತ್ತೇ ಹೊರತು ಯಾವ ದಿನದಿಂದ ಯಾವ ದಿನದವರೆಗೆ ಎಂದು ಇರಲಿಲ್ಲ. ಕಾಲೇಜು ಆ ಪತ್ರವನ್ನು ವಾಪಸು ಕಳಿಸಿತು. ಅಷ್ಟರಲ್ಲಿ ಸಹಿ ಹಾಕಿದವರು ಬೇರೆ ಊರಿಗೆ ವರ್ಗವಾಗಿದ್ದರು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ಇಂಟರ್ನ್‌ಶಿಪ್ ಬೇರೆ, ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಚಟುವಟಿಕೆ ಅಂಕಗಳು ಬೇರೆ. ಮೊದಲ ವರ್ಷದಿಂದ ಸೇರಿದವರು ಪದವಿ ಮುಗಿಸುವುದರೊಳಗೆ 100 ಚಟುವಟಿಕೆ ಅಂಕ ಗಳಿಸಿರಬೇಕು. ಈ ರಜೆಯಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಿಲ್ಲ ಎಂದಾದರೆ, ನಿಮ್ಮ ಊರಿನ ಗ್ರಾಮ ಪಂಚಾಯಿತಿಯಲ್ಲೋ ಶಾಲೆಯಲ್ಲೋ ಮಾಡಿದ ಸೇವೆಯಿಂದ ಆ ಅಂಕಗಳ ಬಾಕಿಯನ್ನು ತೀರಿಸಬಹುದು. ಕೊನೆಯ ಸೆಮಿಸ್ಟರ್‌ನಲ್ಲಿ ಇದಕ್ಕಾಗಿ ಓಡಾಡುವವರನ್ನು ನೋಡಿದರೆ ಸಂಕಟವಾಗುತ್ತದೆ.

ಅಲ್ಲಿಂದ ಏಳುವ ಮುನ್ನ ಪ್ರಾಂಶುಪಾಲರ ಸಹಿಯ ಒಂದು ವಿನಂತಿ ಪತ್ರ ಕೇಳಿ: 'ಈ ವಿದ್ಯಾರ್ಥಿ ನಮ್ಮವರು, ಇಂತಿಷ್ಟು ವಾರ ಪ್ರಾಯೋಗಿಕ ತರಬೇತಿಗೆ ಅವಕಾಶ ನೀಡಬೇಕು' ಎನ್ನುವಷ್ಟು ಸಾಕು. ಸಂಸ್ಥೆಯ ಹೆಸರಿನ ಜಾಗ ಖಾಲಿ ಇರಲಿ. ಪ್ರವೇಶಾತಿಯ ದಿನಗಳು ಆರಂಭವಾದರೆ ಕಚೇರಿಯಲ್ಲಿ ಈ ಪತ್ರಕ್ಕೆ ವಾರ ಹಿಡಿಯಬಹುದು.

ಹಂತ 2: ನಿಜವಾಗಿ ಎಷ್ಟು ದಿನ ಇವೆ ಎಂದು ಎಣಿಸಿ

ರಜೆ ಎಂಟು ವಾರ ಎಂದು ಕಾಣುತ್ತದೆ. ಅದರಲ್ಲಿ ಮನೆಯ ಮದುವೆ ಒಂದು, ಜಾತ್ರೆ ಒಂದು. ಹೊಲವಿದ್ದರೆ ರೋಹಿಣಿ, ಮೃಗಶಿರ ಮಳೆಗಳ ಹೊತ್ತಿಗೆ ಬಿತ್ತನೆಗೆ ಕೈ ಬೇಕೇ ಬೇಕು. ಮನೆಯವರು ಕರೆದಾಗ "ನನಗೆ ಇಂಟರ್ನ್‌ಶಿಪ್ ಇದೆ" ಎಂದು ನಿಲ್ಲಲು ಆಗುವುದಿಲ್ಲ, ನಿಲ್ಲಲೂ ಬಾರದು. ಇವೆಲ್ಲವನ್ನೂ ಕ್ಯಾಲೆಂಡರಿನಲ್ಲಿ ಮೊದಲೇ ಹೊಡೆದುಹಾಕಿ. ಉಳಿದದ್ದು ಆರು ವಾರ ಎಂದುಕೊಳ್ಳೋಣ. ವಾರಕ್ಕೆ ಐದು ದಿನ, ದಿನಕ್ಕೆ ಐದು ಗಂಟೆ ಎಂದರೆ 150 ಗಂಟೆ. ಒಂದು ಸಣ್ಣ ಕೆಲಸವನ್ನು ಪೂರ್ತಿ ಮುಗಿಸಲು ಇಷ್ಟು ಸಾಕು, ಎರಡಕ್ಕೆ ಸಾಲದು.

ಹಿಂದಿನ ಸೆಮಿಸ್ಟರ್‌ಗಳ ವಿಷಯಗಳು ಉಳಿದಿದ್ದರೆ ಬೆಳಗಿನ ಎರಡು ಗಂಟೆಯನ್ನು ಅವುಗಳಿಗೆ ಮೊದಲೇ ಎತ್ತಿಡಿ. ಮೂರು ನಾಲ್ಕು ವಿಷಯ ಉಳಿದಿದ್ದರೆ ಈ ಮಾರ್ಗದರ್ಶಿಯನ್ನು ಪಕ್ಕಕ್ಕಿಟ್ಟು ಓದಲು ಕೂರಿ ಎಂದೇ ನಾನು ಹೇಳುತ್ತೇನೆ. ಕ್ಯಾಂಪಸ್ ಆಯ್ಕೆಯಲ್ಲಿ ಅನೇಕ ಕಂಪನಿಗಳು ಮೊದಲು ನೋಡುವುದು ಬಾಕಿ ವಿಷಯಗಳ ಕಾಲಮನ್ನು.

ಹಂತ 3: ಒಂದೇ ದಾರಿ ಆರಿಸಿ

ಇಲ್ಲಿ ಐದು ದಾರಿಗಳನ್ನು ನನ್ನ ಅನುಭವದಲ್ಲಿ ಫಲ ಕೊಟ್ಟ ಕ್ರಮದಲ್ಲಿ ಇಟ್ಟಿದ್ದೇನೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಲು ಹೋದವರ ಕೈಯಲ್ಲಿ ಕೊನೆಗೆ ಏನೂ ಉಳಿಯುವುದಿಲ್ಲ.

ಮೊದಲ ದಾರಿ: ಊರಿನ ಸಣ್ಣ ಉದ್ದಿಮೆಯ ಬಾಕಿ ಕೆಲಸ

ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿದ್ಯಾರ್ಥಿಗಳು ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಮತ್ತು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಿಂದ ಆರಂಭಿಸಲಿ. ದೊಡ್ಡ ಕಂಪನಿಯ ಗೇಟಿನಲ್ಲಿ ಕಾವಲುಗಾರನನ್ನು ದಾಟುವುದೇ ಕಷ್ಟ. ಆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳಲ್ಲಿ ಮಾಲೀಕರೇ ಎದುರಿಗೆ ಸಿಗುತ್ತಾರೆ. ಅಲ್ಲಿ ಬಾಕಿ ಇರುವುದು ಇಂಥ ಕೆಲಸ: ಮಾಸಿದ ಕಾಗದದ ಡ್ರಾಯಿಂಗುಗಳನ್ನು ನಕ್ಷೆ ಬರೆಯುವ ತಂತ್ರಾಂಶವಾದ ಕ್ಯಾಡ್‌ನಲ್ಲಿ ಮತ್ತೆ ಬರೆಯುವುದು, ಯಾವ ಯಂತ್ರ ದಿನಕ್ಕೆ ಎಷ್ಟು ಹೊತ್ತು, ಯಾವ ಕಾರಣಕ್ಕೆ ನಿಂತಿತು ಎಂದು ಒಂದು ತಿಂಗಳು ಬರೆದಿಡುವುದು, ತಿರಸ್ಕೃತವಾದ ಭಾಗಗಳನ್ನು ಕಾರಣದ ಪ್ರಕಾರ ವಿಂಗಡಿಸಿ ಎಣಿಸುವುದು. ನೋಡಲು ಸಣ್ಣ ಕೆಲಸ. ಆದರೆ ಯಂತ್ರ ನಿಂತ ಲೆಕ್ಕವನ್ನು ನಾಲ್ಕು ವಾರ ಬರೆದಿಟ್ಟ ಹುಡುಗನಿಗೆ ಸಂದರ್ಶನದಲ್ಲಿ ಹೇಳಲು ಅರ್ಧ ಗಂಟೆಯ ಮಾತಿರುತ್ತದೆ.

ವಾಣಿಜ್ಯ ವಿದ್ಯಾರ್ಥಿಗಳಿಗೆ ರಜೆಯ ಕಾಲವೇ ಅನುಕೂಲ. ಸಂಬಳದಾರರ ಆದಾಯ ತೆರಿಗೆ ವಿವರ ಸಲ್ಲಿಸಲು ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ಸಂಬಳದಿಂದ ಕಡಿತವಾದ ತೆರಿಗೆಯ ಪ್ರಮಾಣಪತ್ರವಾದ ನಮೂನೆ 16ನ್ನು ಉದ್ಯೋಗದಾತರು ಕೊಡುವುದು ಜೂನ್ ಮಧ್ಯದ ಹೊತ್ತಿಗೆ. ಹೀಗಾಗಿ ಜೂನ್, ಜುಲೈನಲ್ಲಿ ಲೆಕ್ಕ ಪರಿಶೋಧಕರ ಮತ್ತು ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಕಾಗದಗಳ ರಾಶಿ. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಬರುವವರಾದರೆ ಬಾಗಿಲು ಬೇಗ ತೆರೆಯುತ್ತದೆ. ಭೇಟಿಯ ದಿನವನ್ನು ಮಾತ್ರ ಎಚ್ಚರದಿಂದ ಆರಿಸಿ. ಪ್ರತಿ ತಿಂಗಳು ವಿವರ ಸಲ್ಲಿಸುವ ವ್ಯಾಪಾರಿಗಳ ಮಾರಾಟದ ವಿವರಪತ್ರ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, ತೆರಿಗೆ ಪಾವತಿಯ ವಿವರಪತ್ರ 3ಬಿಗೆ 20ನೇ ತಾರೀಖು ಗಡುವು. 8ರಿಂದ 20ರವರೆಗೆ ಆ ಕಚೇರಿಗಳಲ್ಲಿ ಯಾರಿಗೂ ತಲೆ ಎತ್ತಲು ಬಿಡುವಿಲ್ಲ. 21ರ ನಂತರ ಹೋಗಿ.

ಅಮರಗೋಳದ ಎಪಿಎಂಸಿಯಲ್ಲಾಗಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಾಗಲಿ ದಲಾಲಿ ಅಂಗಡಿಗಳ ಉದ್ರಿ ಖಾತೆ, ಹಳೆಯ ಬಾಕಿ, ಗೋದಾಮಿನ ದಾಸ್ತಾನು ಇವುಗಳನ್ನು ಎಕ್ಸೆಲ್‌ಗೆ ತರುವ ಕೆಲಸ ಸಿಗಬಹುದು. ಒಂದು ಮಾತು ಒತ್ತಿ ಹೇಳುತ್ತೇನೆ: ಉದ್ರಿ ಖಾತೆ ಎಂದರೆ ನೂರಾರು ರೈತರ ಮತ್ತು ಗಿರಾಕಿಗಳ ಮನೆಯ ಗುಟ್ಟು. ಅದರ ಫೋಟೋ ತೆಗೆಯಬೇಡಿ, ಮನೆಗೆ ಒಯ್ಯಬೇಡಿ, ವರದಿಯಲ್ಲಿ ಒಂದು ಹೆಸರನ್ನೂ ಬರೆಯಬೇಡಿ.

ಕಾನೂನು ವಿದ್ಯಾರ್ಥಿಗಳು ಗಮನಿಸಿ: ಮೇ ತಿಂಗಳ ಬಹುಭಾಗ ನ್ಯಾಯಾಲಯಗಳಿಗೆ ಬೇಸಿಗೆ ರಜೆ. ಆಗ ವಕೀಲರ ಕಚೇರಿಗೆ ಹೋಗಿ ಮಾತಾಡಿಟ್ಟುಕೊಂಡು, ಧಾರವಾಡದ ಹೈಕೋರ್ಟ್ ಪೀಠವೂ ಜಿಲ್ಲಾ ನ್ಯಾಯಾಲಯಗಳೂ ಮತ್ತೆ ತೆರೆದ ಮೇಲೆ ಕೆಲಸ ಆರಂಭಿಸಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲೂ ವಿಚಾರಿಸಿ.

ಎರಡನೆಯ ದಾರಿ: ಅಧ್ಯಾಪಕರ ಅಥವಾ ಸಂಶೋಧನಾ ಕೇಂದ್ರದ ಕೈಕೆಳಗೆ

ವಿಜ್ಞಾನ, ಕೃಷಿ, ಸಮಾಜ ವಿಜ್ಞಾನದವರಿಗೆ ಇದೇ ಮೊದಲ ದಾರಿ. ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಐಐಟಿ, ಐಐಐಟಿ, ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಎಲ್ಲವೂ ಒಂದು ಬಸ್ಸಿನ ದೂರದಲ್ಲಿವೆ. ಕೃಷಿ ವಿಜ್ಞಾನ ಕೇಂದ್ರಗಳು ಧಾರವಾಡದ ಸೈದಾಪುರ, ಗದಗ ಜಿಲ್ಲೆಯ ಹುಲಕೋಟಿ, ಹಾವೇರಿ ಜಿಲ್ಲೆಯ ಹನುಮನಮಟ್ಟಿಯಲ್ಲಿವೆ. ಮುಂಗಾರಿನ ಆರಂಭದಲ್ಲಿ ರೈತರು ಹೆಚ್ಚು ವಿಚಾರಿಸುವ ಜಾಗಗಳು ಇವು.

ಸಾಮಾನ್ಯ ತಪ್ಪು ಎಂದರೆ ಒಂದೇ ಪತ್ರವನ್ನು ಮೂವತ್ತು ಪ್ರಾಧ್ಯಾಪಕರಿಗೆ ಒಟ್ಟಿಗೆ ಕಳಿಸುವುದು. ಬೇರೆಯವರ ವಿಳಾಸಗಳೂ ಮೇಲೆಯೇ ಕಾಣುತ್ತಿರುತ್ತವೆ, ಓದುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಐದು ಜನರನ್ನು ಆರಿಸಿ. ಪ್ರತಿಯೊಬ್ಬರ ಒಂದು ಲೇಖನದ ಸಾರಾಂಶವನ್ನಾದರೂ ಓದಿ. ಆ ಲೇಖನದಲ್ಲಿ ನಿಮಗೆ ಅರ್ಥವಾದ ಒಂದು ಸಂಗತಿ, ಅರ್ಥವಾಗದ ಒಂದು ಸಂಗತಿಯನ್ನು ಪತ್ರದ ಎರಡನೆಯ ಸಾಲಿನಲ್ಲಿ ಬರೆಯಿರಿ. ಕೇಳುವ ಕೆಲಸ ಸಣ್ಣದಿರಲಿ: ದತ್ತಾಂಶ ನಮೂದು, ಮಾದರಿಗಳ ಎಣಿಕೆ, ಸಂದರ್ಶನಗಳ ಬರಹ ರೂಪ.

ಮೂರನೆಯ ದಾರಿ: ನಿಮ್ಮದೇ ಪ್ರಾಜೆಕ್ಟ್, ನಮ್ಮದೇ ನೆಲದ ಮಾಹಿತಿಯಿಂದ

ಕಂಪ್ಯೂಟರ್ ವಿಜ್ಞಾನದವರು ಎಲ್ಲರೂ ಮಾಡುವ ಅದೇ ಲೈಬ್ರರಿ ನಿರ್ವಹಣಾ ತಂತ್ರಾಂಶ, ಅದೇ ಮನೆ ಬೆಲೆಯ ಅಂದಾಜು ಬೇಡ. ಸಂದರ್ಶಕರು ಅವನ್ನು ನೂರು ಸಲ ನೋಡಿರುತ್ತಾರೆ. ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಮಾರುಕಟ್ಟೆವಾರು ಧಾರಣೆಗಳು ಸಿಗುತ್ತವೆ. ಬ್ಯಾಡಗಿಯ ಕಡ್ಡಿ, ಡಬ್ಬಿ ತಳಿಗಳ ಧಾರಣೆ ಆವಕದೊಂದಿಗೆ ಹೇಗೆ ಏರಿಳಿಯಿತು ಎಂದು ನಕ್ಷೆ ಬರೆಯಿರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ನಿಮ್ಮ ಹೋಬಳಿಯ ಮಳೆಯನ್ನು ಬಿತ್ತನೆಯ ದಿನಗಳ ಜೊತೆ ಇಟ್ಟು ನೋಡಿ. ಕೆಲಸವನ್ನು ದಿನವೂ ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಸೇರಿಸುತ್ತ ಹೋಗಿ. ಕೊನೆಯ ದಿನ ಒಮ್ಮೆಲೇ ಸೇರಿಸಿದರೆ ನಕಲು ಮಾಡಿದ್ದೋ ಎಂಬ ಸಂಶಯ ಬರುತ್ತದೆ.

ಕಲಾ ವಿಭಾಗದವರಿಗೆ ಕನ್ನಡ ವಿಕಿಪೀಡಿಯ ಮತ್ತು ಹಳೆಯ ಪುಸ್ತಕಗಳ ಆನ್‌ಲೈನ್ ಸಂಗ್ರಹವಾದ ವಿಕಿಸೋರ್ಸ್ ಇವೆ. ನಿಮ್ಮ ಊರಿನ ಕೆರೆ, ದೇವಸ್ಥಾನ, ನೇಕಾರಿಕೆಯ ಬಗ್ಗೆ ಆಧಾರಸಹಿತ ಲೇಖನ ಬರೆಯಬಹುದು, ಹಳೆಯ ಪುಸ್ತಕಗಳ ಪುಟಗಳ ಕರಡು ತಿದ್ದಬಹುದು. ಪ್ರತಿ ತಿದ್ದುಪಡಿಯೂ ನಿಮ್ಮ ಖಾತೆಯ ಹೆಸರಿನಲ್ಲಿ ದಿನಾಂಕದೊಂದಿಗೆ ಶಾಶ್ವತವಾಗಿ ದಾಖಲಾಗಿರುತ್ತದೆ. ಗದಗ-ಬೆಟಗೇರಿಯ ಕೈಮಗ್ಗದ ಕುಣಿಯ ಪಕ್ಕ ಕುಳಿತು ಒಬ್ಬ ಹಿರಿಯ ನೇಕಾರರ ನೆನಪುಗಳನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಅಕ್ಷರಕ್ಕೆ ಇಳಿಸಿದರೆ ಅದು ಯಾವ ಇಂಟರ್ನ್‌ಶಿಪ್ಪಿಗೂ ಕಡಿಮೆಯಲ್ಲ. ಲಕ್ಕುಂಡಿಯ ಬಾವಿಗಳನ್ನು ಅಳೆದು ನಕ್ಷೆ ಬರೆಯುವ ಆಸೆಯಿರುವ ಸಿವಿಲ್, ವಾಸ್ತುಶಿಲ್ಪ ವಿದ್ಯಾರ್ಥಿಗಳು ಸಂರಕ್ಷಿತ ಸ್ಮಾರಕಗಳಲ್ಲಿ ಕಾಲಿಡುವ ಮೊದಲು ಪುರಾತತ್ತ್ವ ಇಲಾಖೆಯ ಅನುಮತಿ ಪಡೆಯಲಿ. ಡ್ರೋನ್ ತೆಗೆದುಕೊಂಡು ಹೋಗಲೇಬೇಡಿ.

ಈ ದಾರಿಗೆ ಒಂದು ಶರತ್ತು ಇದೆ. ಒಬ್ಬ ಅಧ್ಯಾಪಕರು ಮೊದಲ ದಿನವೇ ಮಾರ್ಗದರ್ಶಕರಾಗಿ ಒಪ್ಪಿ, ವಾರಕ್ಕೊಮ್ಮೆ ನಿಮ್ಮ ನೋಟ್‌ಬುಕ್ಕಿಗೆ ಸಹಿ ಹಾಕಬೇಕು. ಯಾರೂ ಕೇಳುವವರಿಲ್ಲದ ಪ್ರಾಜೆಕ್ಟ್ ಎರಡನೆಯ ವಾರದಲ್ಲಿ ನಿಲ್ಲುತ್ತದೆ.

ನಾಲ್ಕನೆಯ ದಾರಿ: ಸಂಬಳದ ದುಡಿಮೆ

ಮನೆಗೆ ದುಡ್ಡು ಬೇಕಿದ್ದರೆ ಸಂಬಳವಿಲ್ಲದ ಇಂಟರ್ನ್‌ಶಿಪ್ ಹುಡುಕಬೇಡಿ. ಬಟ್ಟೆ ಅಂಗಡಿ, ಔಷಧಿ ಅಂಗಡಿ, ಹೋಟೆಲ್, ಟ್ಯೂಷನ್, ಚಿಕ್ಕಪ್ಪನ ಟ್ರ್ಯಾಕ್ಟರ್ ಬಾಡಿಗೆಯ ಲೆಕ್ಕ, ಯಾವುದಾದರೂ ಸರಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಈ ದುಡಿಮೆಯನ್ನು ಪದವಿಗೂ ದಕ್ಕುವಂತೆ ಮಾಡಲು ಅದರೊಳಗೆ ಒಂದು ಅಳತೆ ಆರಂಭಿಸಿ. ಔಷಧಿ ಅಂಗಡಿಯಲ್ಲಿ ಅವಧಿ ಮೀರಲಿರುವ ಮಾಲಿನ ಪಟ್ಟಿ, ಹೋಟೆಲಿನಲ್ಲಿ ದಿನಕ್ಕೆ ಉಳಿದು ಚೆಲ್ಲುವ ಅನ್ನದ ತೂಕ, ಬಟ್ಟೆ ಅಂಗಡಿಯಲ್ಲಿ ಯಾವ ಅಳತೆ ಇಲ್ಲವೆಂದು ಎಷ್ಟು ಗಿರಾಕಿಗಳು ಮರಳಿದರು ಎಂಬ ಎಣಿಕೆ. ಆರು ವಾರದ ಈ ಪಟ್ಟಿಯೇ ನಿಮ್ಮ ವರದಿ.

ಐದನೆಯ ದಾರಿ: ಆನ್‌ಲೈನ್ ಕೋರ್ಸ್

ಬೇರೆ ನಾಲ್ಕೂ ಕೈಕೊಟ್ಟರೆ ಮಾತ್ರ. ಕೇಂದ್ರ ಸರ್ಕಾರದ ನೆರವಿನ ಆನ್‌ಲೈನ್ ಕಲಿಕಾ ತಾಣಗಳಾದ ಸ್ವಯಂ, ಎನ್‌ಪಿಟಿಇಎಲ್ ಪಾಠಗಳು ಉಚಿತ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವವರಿಗೆ ಮಾತ್ರ ಶುಲ್ಕ. 4, 8, 12 ವಾರಗಳ ಪಾಠಗಳಿವೆ. ಆದರೆ ಅವುಗಳ ಪರೀಕ್ಷೆಗಳು ಜನವರಿ ಮತ್ತು ಜುಲೈನಲ್ಲಿ ಆರಂಭವಾಗುವ ಅವಧಿಗಳಿಗೆ ಹೊಂದಿಕೊಂಡಿರುತ್ತವೆ, ಬೇಸಿಗೆ ರಜೆಯಲ್ಲಿ ಬರೆದು ಮುಗಿಸಿಬಿಡುತ್ತೇನೆ ಎಂದು ನಂಬಿ ಕೂರಬೇಡಿ. ರಜೆಯಲ್ಲಿ ಹಳೆಯ ವಿಡಿಯೋಗಳನ್ನು ನೋಡಿ ತಯಾರಾಗಿ, ಜುಲೈ ಅವಧಿಗೆ ಹೆಸರು ನೋಂದಾಯಿಸಿ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ. ದುಡ್ಡು ಕೊಟ್ಟು ಕೊಂಡ ಹತ್ತು ಪ್ರಮಾಣಪತ್ರಗಳಿಗಿಂತ ಒಂದು ಮುಗಿಸಿದ ಕೆಲಸಕ್ಕೆ ತೂಕ ಹೆಚ್ಚು.

ಹೆಸರು ಕೇಳಿ ಮೋಸ ಹೋಗಬಾರದ ಎರಡು ಯೋಜನೆಗಳ ಬಗ್ಗೆ ಹೇಳಿಬಿಡುತ್ತೇನೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಹೊರಟಾಗ, ಪೂರ್ಣಾವಧಿ ಓದುತ್ತಿರುವವರಿಗೆ ಅದರಲ್ಲಿ ಅವಕಾಶವಿರಲಿಲ್ಲ. ಅವಧಿಯೂ ಆಗ ಒಂದು ವರ್ಷವಿತ್ತು. ಅರ್ಜಿ ತುಂಬುವ ಮೊದಲು ಆ ಸುತ್ತಿನ ಅರ್ಹತೆಯನ್ನು ಓದಿ. ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ ಮುಖ್ಯವಾಗಿ ಡಿಪ್ಲೊಮಾ ಅಥವಾ ಪದವಿ ಮುಗಿಸಿದವರಿಗೆ. ಎರಡೂ ಒಳ್ಳೆಯ ಯೋಜನೆಗಳೇ, ಆದರೆ ಆರು ವಾರದ ರಜೆಗೆ ಹೊಂದುವುದಿಲ್ಲ.

ಹಂತ 4: ಒಂದೇ ಪುಟ ಬರೆಯಿರಿ

ಎರಡು ಪುಟದ ರೆಸ್ಯೂಮೆಯನ್ನು ಅಂಗಡಿ ಮಾಲೀಕರು ಓದುವುದಿಲ್ಲ. ಒಂದು ಹಾಳೆಯಲ್ಲಿ ಹೆಸರು, ಓದು, ಮೊಬೈಲ್ ಸಂಖ್ಯೆ, ಕೈಗೆ ಬರುವ ಮೂರು ಕೆಲಸಗಳು, ಕೆಳಗೆ ನಾಲ್ಕು ಸಾಲಿನ ಪ್ರಸ್ತಾಪ ಇರಲಿ. "ನಾಯಕತ್ವ ಗುಣ", "ಕಠಿಣ ಪರಿಶ್ರಮಿ" ಎಂಬಂಥವು ಬೇಡ. ಕೈಗೆ ಬರುವ ಕೆಲಸ ಎಂದರೆ "ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಮಾಡಬಲ್ಲೆ", "ಕನ್ನಡ ಟೈಪಿಂಗ್ ನುಡಿ ಮತ್ತು ಯೂನಿಕೋಡ್ ಎರಡರಲ್ಲೂ ಬರುತ್ತದೆ", "ವರ್ನಿಯರ್, ಮೈಕ್ರೋಮೀಟರ್ ಹಿಡಿದು ಅಳೆಯಬಲ್ಲೆ". ಇಂಗ್ಲಿಷಿನಲ್ಲಿ ಒಂದು ಪ್ರತಿ, ಕನ್ನಡದಲ್ಲಿ ಒಂದು ಪ್ರತಿ ಮಾಡಿ.

ಹಂತ 5: ಕಾಲ್ನಡಿಗೆಯ ವಾರ

ಮೂರನೆಯ ದಿನದಿಂದ ಏಳನೆಯ ದಿನದವರೆಗೆ ಹತ್ತು ಬಾಗಿಲು ತಟ್ಟುವ ಗುರಿ ಇಟ್ಟುಕೊಳ್ಳಿ. ಒಂದು ದಿನಕ್ಕೆ ಒಂದೇ ಪ್ರದೇಶ ಆರಿಸಿ, ಇಲ್ಲದಿದ್ದರೆ ಬಿಸಿಲಿನಲ್ಲಿ ಬಸ್ಸು ಕಾಯುವುದರಲ್ಲೇ ದಿನ ಹೋಗುತ್ತದೆ. ವಿದ್ಯಾರ್ಥಿನಿಯರು ಶಕ್ತಿ ಯೋಜನೆಯಡಿ ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡಬಹುದು, ಆಧಾರ್ ಜೊತೆಗಿರಲಿ. ಕಾರ್ಖಾನೆಗೆ ಬೆಳಗ್ಗೆ ಪಾಳಿ ಆರಂಭವಾಗಿ ಒಂದೂವರೆ ಗಂಟೆಯಾದ ಮೇಲೆ ಹೋಗಿ. ಅಂಗಡಿಗೆ ಬಾಗಿಲು ತೆಗೆದು ಪೂಜೆ ಮುಗಿಯುವ ತನಕ ಕಾಯಿರಿ. ಬೋಣಿಗೆಯಾಗುವ ಮುನ್ನ ಒಳಗೆ ಹೋಗಿ ಕೇಳಿದರೆ ಒಲ್ಲೆ ಎನ್ನುವವರೇ ಹೆಚ್ಚು.

ಮಾತು ಹೀಗಿರಲಿ: "ನಮಸ್ಕಾರ ಸರ್. ನಾನು ಇಂಥ ಕಾಲೇಜಿನಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದೇನೆ. ಆರು ವಾರ ಬಿಡುವಿದೆ. ದಾಸ್ತಾನಿನ ಪಟ್ಟಿಯನ್ನೋ ಹಳೆಯ ಬಾಕಿಯ ಪಟ್ಟಿಯನ್ನೋ ಕಂಪ್ಯೂಟರಿಗೆ ತರುವ ಕೆಲಸ ಉಳಿದಿದ್ದರೆ ನಾನು ಮುಗಿಸಿಕೊಡುತ್ತೇನೆ. ಮೊದಲು ಮೂರು ದಿನ ನೋಡಿ, ಸರಿ ಎನಿಸಿದರೆ ಮುಂದುವರಿಸಿ." ಇಷ್ಟು ಹೇಳಿ ಸುಮ್ಮನಾಗಿ. "ಮೂರು ದಿನ ನೋಡಿ" ಎಂಬ ಮಾತು ಬಹಳ ಕೆಲಸ ಮಾಡುತ್ತದೆ, ಏಕೆಂದರೆ ಆರು ವಾರ ಒಬ್ಬ ಅಪರಿಚಿತರನ್ನು ಒಳಗೆ ಬಿಟ್ಟುಕೊಳ್ಳುವ ಅಳುಕು ಅವರಿಗೂ ಇರುತ್ತದೆ.

ಅಪ್ಪನ ಜೊತೆಗೆ ಹೋಗಿ ಅಪ್ಪನಿಂದಲೇ ಮಾತಾಡಿಸಬೇಡಿ. ಪರಿಚಯದವರ ಹೆಸರು ಹೇಳುವುದು ತಪ್ಪಲ್ಲ, ಆದರೆ ಕೆಲಸದ ಮಾತು ನಿಮ್ಮ ಬಾಯಿಂದ ಬರಬೇಕು. ಬೇಡ ಎಂದವರನ್ನು, "ಇಂಥ ಕೆಲಸ ಬಾಕಿ ಇರಬಹುದಾದ ಬೇರೆ ಯಾರಾದರೂ ಗೊತ್ತೇ ಸರ್?" ಎಂದು ಕೇಳಿಯೇ ಹೊರಬನ್ನಿ. ಹತ್ತರಲ್ಲಿ ಎಂಟು ಕಡೆ ಇಲ್ಲ ಎನ್ನುವುದು ಸಹಜ. ಹತ್ತಕ್ಕೆ ಹತ್ತೂ ಇಲ್ಲ ಎಂದಾದರೆ ಪ್ರಸ್ತಾಪದ ನಾಲ್ಕು ಸಾಲು ಬದಲಿಸಿ ಇನ್ನೂ ಐದು ಕಡೆ ಹೋಗಿ. ಎರಡನೆಯ ವಾರದ ಬುಧವಾರದೊಳಗೆ ಕೂಡಿಬರದಿದ್ದರೆ ಮೂರನೆಯ ದಾರಿಗೆ ಹೊರಳಿ. ಇನ್ನೂ ಕಾಯುತ್ತ ಕೂತರೆ ಅದಕ್ಕೂ ದಿನ ಉಳಿಯುವುದಿಲ್ಲ.

ಅಪಾಯದ ಗುರುತುಗಳು

ಹುಡುಕಾಟದ ಈ ವಾರದಲ್ಲೇ ಮೋಸಗಾರರ ಸಂದೇಶಗಳೂ ಬರುತ್ತವೆ. ನೋಂದಣಿ ಶುಲ್ಕ, ಭದ್ರತಾ ಠೇವಣಿ, ಲ್ಯಾಪ್‌ಟಾಪ್ ಕಳಿಸುವ ಖರ್ಚು ಎಂದು ಯಾರೇ ದುಡ್ಡು ಕೇಳಿದರೂ ಅಲ್ಲಿಗೆ ಮಾತು ಮುಗಿಸಿ. ಸಂದರ್ಶನವಿಲ್ಲದೆ ನೇಮಕ ಪತ್ರ ಬಂದರೆ, ವಾಟ್ಸ್ಆ್ಯಪ್ ಅಥವಾ ಟೆಲಿಗ್ರಾಂ ಬಿಟ್ಟು ಬೇರೆ ವಿಳಾಸವೇ ಇಲ್ಲದಿದ್ದರೆ, ವಿಡಿಯೋಗೆ ಲೈಕ್ ಒತ್ತಿದರೆ ದುಡ್ಡು ಎಂದರೆ, ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುತ್ತೇವೆ ಎಂದರೆ, ನಿಮ್ಮ ಬ್ಯಾಂಕ್ ಖಾತೆಯನ್ನು ಕೆಲವು ದಿನ ಬಳಸಲು ಕೊಡಿ ಎಂದರೆ ದೂರ ಸರಿಯಿರಿ. ಕೊನೆಯದು ಎಲ್ಲಕ್ಕಿಂತ ಅಪಾಯದ್ದು. ಕದ್ದ ಹಣ ನಿಮ್ಮ ಖಾತೆಯ ಮೂಲಕ ಹಾದುಹೋದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಪರೀಕ್ಷಿಸುವುದು ಸುಲಭ. ಜಿಎಸ್‌ಟಿ ಸಂಖ್ಯೆ ಕೇಳಿ. ಅದರಲ್ಲಿ 15 ಅಕ್ಷರಾಂಕಿಗಳಿರುತ್ತವೆ, ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಅದನ್ನು ಹಾಕಿ ವ್ಯಾಪಾರದ ಹೆಸರನ್ನು ನೋಡಬಹುದು. ಖಾಸಗಿ ನಿಯಮಿತ ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹುಡುಕಿ. ಸಣ್ಣ ಅಂಗಡಿಗೆ ಇವೆರಡೂ ಇಲ್ಲದಿರಬಹುದು, ಅಲ್ಲಿ ಕಣ್ಣಾರೆ ಕಂಡ ಅಂಗಡಿಯೇ ಸಾಕ್ಷಿ. ಈಗಾಗಲೇ ದುಡ್ಡು ಕಳೆದುಕೊಂಡಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು ಎಚ್ಚರಿಕೆ. ಮನೆಯೇ ಕಚೇರಿಯಾಗಿರುವ ಕಡೆಗೆ ಮೊದಲ ದಿನ ಒಬ್ಬರೇ ಹೋಗಬೇಡಿ, ಮುಖ್ಯವಾಗಿ ವಿದ್ಯಾರ್ಥಿನಿಯರು. ವಿಳಾಸವನ್ನು ಮನೆಯಲ್ಲಿ ಬರೆದಿಟ್ಟು ಹೋಗಿ. ಕಾರ್ಖಾನೆಗೆ ಚಪ್ಪಲಿಯಲ್ಲಿ ಕಾಲಿಡಬೇಡಿ. ಲೇತ್ ತಿರುಗುವ ಜಾಗದಲ್ಲಿ ಸಡಿಲ ತೋಳು, ಜೋತುಬಿದ್ದ ವೇಲು, ಕೈಯ ದಾರ ಯಾವುದೂ ಇರಬಾರದು. ಕಾಲೇಜಿನ ವಿದ್ಯಾರ್ಥಿ ವಿಮೆ ಹೊರಗಿನ ತರಬೇತಿಗೂ ಅನ್ವಯಿಸುತ್ತದೆಯೇ ಎಂದು ಕೇಳಿಟ್ಟುಕೊಳ್ಳಿ.

ಹಂತ 6: ಒಪ್ಪಿದ್ದನ್ನು ಅದೇ ದಿನ ಬರೆದು ಕಳಿಸಿ

ಬಾಯಿಮಾತಿನ ಒಪ್ಪಂದ ಮೂರನೆಯ ವಾರದಲ್ಲಿ ಮರೆತುಹೋಗುತ್ತದೆ. ಸಂಜೆ ಮನೆಗೆ ಬಂದ ಕೂಡಲೇ ಆರು ಸಾಲಿನ ಇಮೇಲ್ ಅಥವಾ ವಾಟ್ಸ್ಆ್ಯಪ್ ಸಂದೇಶ ಕಳಿಸಿ: ಯಾವ ಕೆಲಸ, ಯಾವ ತಾರೀಖಿನಿಂದ ಯಾವ ತಾರೀಖಿಗೆ, ದಿನಕ್ಕೆ ಎಷ್ಟು ಗಂಟೆ, ಯಾರಿಗೆ ವರದಿ ಮಾಡಬೇಕು, ಸಂಬಳ ಅಥವಾ ಬಸ್ ಖರ್ಚು ಏನು, ಮುಗಿದ ಮೇಲೆ ಲೆಟರ್‌ಹೆಡ್‌ನಲ್ಲಿ ಪತ್ರ ಕೊಡುತ್ತಾರೆ ಎಂಬುದು. "ಸರಿ" ಎಂಬ ಒಂದು ಪದದ ಉತ್ತರ ಬಂದರೂ ಸಾಕು, ಅದನ್ನು ಅಳಿಸಬೇಡಿ. ಬಸ್ ಖರ್ಚು ಕೇಳಲು ಸಂಕೋಚ ಬೇಡ.

ಹಂತ 7: ದಿನಕ್ಕೆ ನಾಲ್ಕು ಸಾಲು

ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟ: ಬಂದ ಹೊತ್ತು ಮತ್ತು ಹೋದ ಹೊತ್ತು, ಮಾಡಿದ ಕೆಲಸ ಅಂಕಿಗಳಲ್ಲಿ, ಎಲ್ಲಿ ಸಿಕ್ಕಿಕೊಂಡೆ, ನಾಳೆ ಏನು. "ದತ್ತಾಂಶ ನಮೂದಿಸಿದೆ" ಎನ್ನುವುದಕ್ಕಿಂತ "ದಾಸ್ತಾನಿನ 140 ವಸ್ತುಗಳನ್ನು ನಮೂದಿಸಿದೆ, 11ರಲ್ಲಿ ಪುಸ್ತಕಕ್ಕೂ ಮಾಲಿಗೂ ತಾಳೆಯಾಗಲಿಲ್ಲ" ಎಂಬ ಸಾಲು ಬರೆಯಿರಿ. ಶನಿವಾರ ಮೇಲಿನವರ ಸಹಿ ಪಡೆಯಿರಿ. ಆರು ವಾರದ ದಿನಚರಿಯನ್ನು ಕೊನೆಯ ರಾತ್ರಿ ಒಂದೇ ಪೆನ್ನಿನಲ್ಲಿ ಬರೆದಿದ್ದರೆ ಪುಟ ತೆರೆದ ಕೂಡಲೇ ನಮಗೆ ಗೊತ್ತಾಗುತ್ತದೆ.

ಮೊದಲ ವಾರವಿಡೀ ಚಹಾ ತರುವುದು, ಝೆರಾಕ್ಸ್ ಮಾಡಿಸುವುದೇ ಆದರೆ ಎರಡನೆಯ ಸೋಮವಾರ ಸೌಮ್ಯವಾಗಿ ಹಂತ 6ರ ಸಂದೇಶವನ್ನು ತೋರಿಸಿ, "ಈ ಕೆಲಸವನ್ನು ಇಂದಿನಿಂದ ಆರಂಭಿಸಲೇ ಸರ್?" ಎಂದು ಕೇಳಿ. ಬಹಳ ಮಂದಿ ದುರುದ್ದೇಶದಿಂದ ಹಾಗೆ ಮಾಡುವುದಿಲ್ಲ, ಕೆಲಸ ವಿವರಿಸಲು ಅವರಿಗೆ ಬಿಡುವು ಸಿಕ್ಕಿರುವುದಿಲ್ಲ. ಆ ವಾರವೂ ಹಾಗೇ ಕಳೆದರೆ ಬಿಟ್ಟು ಮೂರನೆಯ ದಾರಿ ಹಿಡಿಯಿರಿ.

ಹಂತ 8: ಹೊರಡುವ ನಾಲ್ಕು ದಿನ ಮೊದಲು ಪತ್ರದ ಕರಡು ಕೊಡಿ

ಕೊನೆಯ ದಿನ ಪ್ರಮಾಣಪತ್ರ ಕೇಳಿದರೆ "ಮುಂದಿನ ವಾರ ಬಾ" ಎನ್ನುತ್ತಾರೆ, ಮುಂದಿನ ವಾರ ನಿಮಗೆ ತರಗತಿ ಇರುತ್ತದೆ. ನೀವೇ ಕರಡು ಟೈಪ್ ಮಾಡಿ ಕೊಡಿ. ನಿಮ್ಮ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ಆರಂಭ ಮತ್ತು ಮುಕ್ತಾಯದ ದಿನಾಂಕ, ಒಟ್ಟು ಗಂಟೆ, ಮುಗಿಸಿದ ಕೆಲಸ ಎರಡು ಸಾಲಿನಲ್ಲಿ, ಸಹಿ ಮಾಡುವವರ ಹೆಸರು, ಹುದ್ದೆ, ಮೊಹರು. ಹಂತ 1ರಲ್ಲಿ ಬರೆದುಕೊಂಡ ಮೊದಲ ಪುಟದೊಂದಿಗೆ ತಾಳೆ ನೋಡಿ. ಮಾಡದ ಕೆಲಸವನ್ನು ಕರಡಿನಲ್ಲಿ ಸೇರಿಸಬೇಡಿ. ಎರಡು ಮೂಲ ಪ್ರತಿ ಪಡೆದು ಒಂದನ್ನು ಕಾಲೇಜಿಗೆ ಕೊಡಿ.

ಕೊನೆಯ ದಿನ ನೀವು ಮಾಡಿದ ಕಡತಗಳನ್ನು ಹೇಗೆ ಮುಂದುವರಿಸಬೇಕು ಎಂದು ಒಂದು ಪುಟದ ಟಿಪ್ಪಣಿ ಬರೆದು ಅಲ್ಲಿನವರಿಗೆ ಒಪ್ಪಿಸಿ, ಪಾಸ್‌ವರ್ಡ್‌ಗಳನ್ನು ಮರಳಿಸಿ, ನಿಮ್ಮ ಮೊಬೈಲಿನಲ್ಲಿ ಉಳಿದ ಅವರ ಮಾಹಿತಿಯನ್ನು ಅವರ ಎದುರಿಗೇ ಅಳಿಸಿ.

ರೆಸ್ಯೂಮೆಯಲ್ಲಿ ಇದನ್ನು ಸೇರಿಸುವಾಗ ಅಂಗಡಿಯ ಕೆಲಸವನ್ನು ಇಂಟರ್ನ್‌ಶಿಪ್ ಎಂದು ಹೆಸರು ಬದಲಿಸಬೇಡಿ. ಕರೆ ಮಾಡಿ ವಿಚಾರಿಸಿದರೆ ಮಾಲೀಕರಿಗೆ ಆ ಪದವೇ ಗೊತ್ತಿರುವುದಿಲ್ಲ. ಹೀಗೆ ಬರೆಯಿರಿ: "ಬೇಸಿಗೆ ಕೆಲಸ, ಔಷಧಿ ಅಂಗಡಿ, ಹಾವೇರಿ. 6 ವಾರ, 150 ಗಂಟೆ. 1,200 ವಸ್ತುಗಳ ದಾಸ್ತಾನನ್ನು ಎಕ್ಸೆಲ್‌ಗೆ ತಂದು, ಅವಧಿ ಮೀರುವ 90 ದಿನ ಮೊದಲೇ ತಿಳಿಸುವ ಪಟ್ಟಿ ಸಿದ್ಧಪಡಿಸಿದೆ. ಅಂಗಡಿ ಈಗಲೂ ಅದನ್ನು ಬಳಸುತ್ತಿದೆ." ಕೊನೆಯ ವಾಕ್ಯ ಬರೆಯುವ ಮುನ್ನ ಒಮ್ಮೆ ಅಂಗಡಿಗೆ ಹೋಗಿ, ನಿಜವಾಗಿಯೂ ಬಳಸುತ್ತಿದ್ದಾರೆಯೇ ಎಂದು ನೋಡಿ ಬನ್ನಿ. ಬಳಸುತ್ತಿಲ್ಲವಾದರೆ ಏಕೆ ಎಂದು ಕೇಳಿ, ಒಂದು ಭಾನುವಾರ ಕೂತು ಸರಿಪಡಿಸಿ ಕೊಡಿ.